ಕದ್ರಾ ಹಿನ್ನೀರಿನಲ್ಲಿ ಐದು ದಿನ: ಬಿಸಿನೀರು, ಮೀನು, ರಾತ್ರಿಯ ಸದ್ದು

ಮೊದಲ ದಿನ: ಕಾರವಾರದಿಂದ ಮೇಲಕ್ಕೆ

ಮಾರ್ಚ್ ತಿಂಗಳು, ಕರಾವಳಿಯಲ್ಲಿ ಸೆಖೆ ಶುರುವಾಗಿದೆ. ಕೈಗಾ ಅಣುಸ್ಥಾವರ ನದಿಗೆ ಏನು ಮಾಡುತ್ತಿದೆ ಎಂದು ಅಳೆಯಲು ಹೊರಡುವವರಿಗೆ ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಕಾಳಿ ಕೆಂಪಗೆ ತುಂಬಿ ಹರಿಯುವಾಗ ಸ್ಥಾವರ ಬಿಟ್ಟ ಬಿಸಿನೀರು ಎಲ್ಲಿ ಹೋಯಿತೆಂದು ಹುಡುಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇಸಿಗೆಯಲ್ಲಿ ಒಳಹರಿವು ತಗ್ಗಿರುತ್ತದೆ, ನೀರು ಮೊದಲೇ ಬೆಚ್ಚಗಿರುತ್ತದೆ. ಮೀನಿಗೆ ಕಷ್ಟ ಬರುವುದಿದ್ದರೆ ಈಗಲೇ ಬರಬೇಕು.

ಕಾಳಿಯ ಉದ್ದ 184 ಕಿ.ಮೀ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ನಡುವೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಪಕ್ಕದ ಉಪನದಿಯಲ್ಲಿ ತಟ್ಟಿಹಳ್ಳ. ಕೊನೆಯದಾದ ಕದ್ರಾದ ಹಿನ್ನೀರಿನ ದಂಡೆಯಲ್ಲಿದೆ ಕೈಗಾ. ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳು. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಹೆಸರು ಮಾಡಿತ್ತು. ಅಳತೆಗೆ ಬಂದವರಿಗೆ ಆ ದಾಖಲೆಯ ಅರ್ಥವೇ ಬೇರೆ. 962 ದಿನ ಬಿಸಿನೀರು ನಿಲ್ಲಲಿಲ್ಲ, ಅಂದರೆ ಆ ಘಟಕ ನಿಂತಾಗ ನದಿ ಹೇಗಿರುತ್ತದೆ ಎಂದು ನೋಡುವ ಅವಕಾಶ ಅಷ್ಟು ದಿನವೂ ಸಿಗಲಿಲ್ಲ.

ಕೋಡಿಬಾಗದಿಂದ ನದಿಯ ಪಕ್ಕದ ರಸ್ತೆ ಹಿಡಿದು ಮಲ್ಲಾಪುರ, ಕದ್ರಾ ಕಡೆ ಹೊರಟರೆ ಎಡಗಡೆ ಕಾಣುವ ನೀರು ಇನ್ನೂ ಪೂರ್ತಿ ನದಿಯಲ್ಲ. ಕದ್ರಾ ಅಣೆಕಟ್ಟಿನ ಕೆಳಗೆ ಭರತಿ ಇಳಿತದ ಆಟ ನಡೆದೇ ಇರುತ್ತದೆ. ಬಳಚು ಚಿಪ್ಪು, ನೋಗ್ಲಿ, ಶೇವಟೆ ಮೀನು ಸಿಗುವ ನೀರದು. ಇಲ್ಲೊಂದು ಮಾತು ಮೊದಲೇ ಹೇಳಿಬಿಡಬೇಕು. ಕಡಲಿಗೂ ಹೊಳೆಗೂ ಓಡಾಡುವ ಹಾವುಮೀನಿನಂಥವುಗಳ ದಾರಿಯನ್ನು ಕಡಿದಿದ್ದು ಅಣೆಕಟ್ಟುಗಳು, ಸ್ಥಾವರವಲ್ಲ. ಮೀನು ಕಡಿಮೆಯಾಯಿತು ಎಂಬ ದೂರು ಕೇಳಿದ ಕೂಡಲೇ ರಿಯಾಕ್ಟರಿನ ಕಡೆ ಬೆರಳು ತೋರಿಸುವವರೂ ಇದ್ದಾರೆ, ಅಣೆಕಟ್ಟಿನ ಹಿಂದೆ ಅಡಗಿ ಸ್ಥಾವರದ ಲೆಕ್ಕವನ್ನೇ ಮುಚ್ಚಿಬಿಡುವವರೂ ಇದ್ದಾರೆ. ಎರಡನ್ನೂ ಬಿಡಿಸಿ ನೋಡುವುದೇ ಈ ಐದು ದಿನದ ಕೆಲಸ.

ಬಿಡಿಸುವುದು ಸುಲಭವಲ್ಲ. ಕದ್ರಾ ತುಂಬಿದ್ದು 1997ರಲ್ಲಿ, ಸ್ಥಾವರ ಶುರುವಾಗಿದ್ದು 2000ದಲ್ಲಿ. ಹೊಸ ಜಲಾಶಯದಲ್ಲಿ ಮುಳುಗಿದ ಕಾಡು ಕೊಳೆತು ಮೊದಲ ಕೆಲವು ವರ್ಷ ಆಹಾರ ಧಾರಾಳ, ಮೀನೂ ಧಾರಾಳ. ಆಮೇಲೆ ಸ್ಥಾವರ ಇರಲಿ ಬಿಡಲಿ ಇಳಿಮುಖವೇ. ಹಾಗಾಗಿ ಇಲ್ಲಿ ‘ಮೊದಲು’ ಮತ್ತು ‘ಆಮೇಲೆ’ ಎಂದು ಎರಡು ಕಂಬದ ಪಟ್ಟಿ ಮಾಡಿದರೆ ಅದು ಸುಳ್ಳು ಹೇಳುತ್ತದೆ. ಬೇಕಾದದ್ದು ಹೋಲಿಕೆಗೆ ಇನ್ನೊಂದು ಜಲಾಶಯ. ಅದು ಮೇಲ್ಗಡೆಯೇ ಇದೆ, ಕೊಡಸಳ್ಳಿ. ಹೆಚ್ಚೂಕಡಿಮೆ ಅದೇ ವಯಸ್ಸು, ಅದೇ ನದಿ, ಅದೇ ಕಾಡು, ಬಿಸಿನೀರು ಮಾತ್ರ ಇಲ್ಲ. ಕದ್ರಾದಲ್ಲಿ ಹಾಕಿದ ಬಲೆಯನ್ನೇ ಅದೇ ವಾರ ಅಲ್ಲಿಯೂ ಹಾಕಬೇಕು. ಎರಡೂ ಕಡೆ ಎಷ್ಟು ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ ಎಂಬ ಲೆಕ್ಕವನ್ನು ಮೀನುಗಾರಿಕೆ ಇಲಾಖೆಯಿಂದ ಪಡೆಯಬೇಕು. ಅದಿಲ್ಲದಿದ್ದರೆ ತಂದು ಬಿಟ್ಟ ಮರಿಗಳನ್ನೇ ನದಿಯ ಆರೋಗ್ಯ ಎಂದು ಓದಿಕೊಂಡೇವು.

ಅನುಮತಿಗಳು ಬಂದಿವೆಯೇ ಎಂದು ಕಾರವಾರ ಬಿಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಮೀನು ಹಿಡಿಯಲು ಮೀನುಗಾರಿಕೆ ಇಲಾಖೆ, ಸುತ್ತಲಿನ ಕಾಡಿಗೆ ಅರಣ್ಯ ಇಲಾಖೆ, ಜಲಾಶಯಕ್ಕೆ ವಿದ್ಯುತ್ ನಿಗಮ, ಸ್ಥಾವರದ ಬಳಿಯ ನೀರಿಗೆ ಸ್ಥಾವರದವರು. ಒಂದು ಕಾಗದ ಇಲ್ಲದಿದ್ದರೂ ಇಡೀ ದಿನ ದಂಡೆಯಲ್ಲೇ ಕೂರಬೇಕಾಗುತ್ತದೆ. ಡ್ರೋನ್ ತರುವ ಯೋಚನೆಯನ್ನೇ ಬಿಡಿ.

ಸಂಜೆಯ ಕೆಲಸ ಬಕೆಟ್ಟಿನದು. ತಾಪಮಾನದ ಲಾಗರುಗಳನ್ನೆಲ್ಲ, ಅಂದರೆ ಓದನ್ನು ತಾವಾಗಿಯೇ ದಾಖಲಿಸುವ ಸಣ್ಣ ಉಪಕರಣಗಳನ್ನು, ಪುಡಿಮಾಡಿದ ಐಸು ಮತ್ತು ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ, ನಡುನಡುವೆ ಕಲಕುತ್ತಾ 0 ಡಿಗ್ರಿ ತೋರಿಸುತ್ತವೆಯೇ ಎಂದು ನೋಡುವುದು. ಆಮೇಲೆ ಪ್ರಮಾಣಪತ್ರವಿರುವ ಥರ್ಮಾಮೀಟರ್ ಪಕ್ಕದಲ್ಲಿಟ್ಟು 25 ಮತ್ತು 35 ಡಿಗ್ರಿಯ ಸುಮಾರಿಗೆ ಮತ್ತೆರಡು ಸಲ. 0.2 ಡಿಗ್ರಿಗಿಂತ ಹೆಚ್ಚು ತಪ್ಪುವ ಲಾಗರನ್ನು ಪಕ್ಕಕ್ಕಿಡುವುದು. ಇನ್ನೊಂದು ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ, ಅದು ಗಡಿಯಾರದ್ದು. ಲಾಗರುಗಳು ಎಷ್ಟೋ ಸಲ ಗ್ರೀನಿಚ್ ಸಮಯದಲ್ಲೇ ಬರುತ್ತವೆ. ಹಾಗೇ ಬಿಟ್ಟರೆ ಎಲ್ಲ ಓದುಗಳೂ ಐದೂವರೆ ಗಂಟೆ ಹಿಂದೆ ಸರಿದು, ಮಧ್ಯಾಹ್ನದ ಬಿಸಿಲು ಬೆಳಗಿನ ಹೊತ್ತಿನದಾಗಿ ಕಾಣುತ್ತದೆ. ಲಾಗರು, ಜಿಪಿಎಸ್, ಸದ್ದಿನ ಮೀಟರು, ಟಿಪ್ಪಣಿ ಬರೆಯುವವರ ಕೈಗಡಿಯಾರ ಎಲ್ಲವೂ ಒಂದೇ ನಿಮಿಷ ತೋರಿಸಬೇಕು. ಯಾಕೆಂಬುದು ನಾಳೆ ಗೊತ್ತಾಗುತ್ತದೆ.

ಎರಡನೇ ದಿನ: ಬಿಸಿನೀರಿನ ಬೆನ್ನು ಹತ್ತಿ

ಬೆಳಗ್ಗೆ ಆರೂವರೆಗೆ ದೋಣಿ. ಗಾಳಿ ಏಳುವ ಮೊದಲು ಒಂದು ಸುತ್ತು, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸುತ್ತು. ಒಂದೇ ಸುತ್ತು ಹೊಡೆದು ವರದಿ ಬರೆಯುವವರು ಈ ಜಲಾಶಯದ ಅರ್ಧವನ್ನಷ್ಟೇ ನೋಡಿದ ಹಾಗೆ.

ಮೊದಲು ಒಂದು ಒರಟು ಲೆಕ್ಕ. ಈ ಜಾತಿಯ ಘಟಕದಲ್ಲಿ ಹುಟ್ಟುವ ಶಾಖದ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ವಿದ್ಯುತ್ತಾಗುತ್ತದೆ, ಉಳಿದದ್ದು ಹಬೆಯನ್ನು ತಣಿಸುವ ಕಂಡೆನ್ಸರ್ ಮೂಲಕ ನೀರಿಗೆ. 220 ಮೆಗಾವಾಟ್ ವಿದ್ಯುತ್ತಿಗೆ ಸುಮಾರು 530 ಮೆಗಾವಾಟ್ ಶಾಖ ಹೊರಗೆ ಹೋಗುತ್ತದೆ ಎಂದುಕೊಳ್ಳಿ. ನೀರನ್ನು 10 ಡಿಗ್ರಿ ಬಿಸಿಮಾಡಿ ಬಿಡುವುದಾದರೆ ಒಂದು ಘಟಕಕ್ಕೆ ಸೆಕೆಂಡಿಗೆ ಹನ್ನೆರಡು ಹದಿಮೂರು ಘನ ಮೀಟರ್ ನೀರು ಬೇಕು, ನಾಲ್ಕಕ್ಕೆ ಐವತ್ತು. ಏರಿಕೆಯನ್ನು 7 ಡಿಗ್ರಿಗೆ ಇಳಿಸಬೇಕೆಂದರೆ ಎಪ್ಪತ್ತಕ್ಕೂ ಮೇಲೆ. ಶಾಖ ಅಷ್ಟೇ, ಹೆಚ್ಚು ನೀರಿಗೆ ಹಂಚಿ ಬಿಟ್ಟಿರುತ್ತಾರೆ. ಅದಕ್ಕೇ ‘ಎಷ್ಟು ಡಿಗ್ರಿ ಏರಿತು’ ಎಂಬ ಒಂದೇ ಅಂಕಿಗೆ ಬೆಲೆಯಿಲ್ಲ, ಜೊತೆಗೆ ‘ಎಷ್ಟು ನೀರು’ ಎಂಬುದೂ ಬೇಕು.

ಇನ್ನು ಕದ್ರಾ ಅಣೆಕಟ್ಟಿನ ಕಡೆ ನೋಡೋಣ. ಅಲ್ಲಿ 50 ಮೆಗಾವಾಟ್‌ನ ಮೂರು ಯಂತ್ರಗಳು. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 34.5 ಮೀಟರ್, ಕೆಳಗಿನ ನೀರು ಹೆಚ್ಚೂಕಡಿಮೆ ಕಡಲ ಮಟ್ಟದ್ದೇ. ಅಷ್ಟು ಎತ್ತರದಿಂದ 50 ಮೆಗಾವಾಟ್ ತೆಗೆಯಲು ಒಂದು ಯಂತ್ರಕ್ಕೆ ಸೆಕೆಂಡಿಗೆ ಸುಮಾರು 180 ಘನ ಮೀಟರ್ ನೀರು ಬೇಕು. ಸ್ಥಾವರದ ಶಾಖವೆಲ್ಲ ಆ ನೀರಿನಲ್ಲಿ ಸರಿಯಾಗಿ ಬೆರೆಯಿತು, ಗಾಳಿಗೆ ಏನೂ ಹೋಗಲಿಲ್ಲ ಎಂದಿಟ್ಟುಕೊಂಡರೆ ಒಂದು ಯಂತ್ರ ಓಡುವಾಗ ಏರಿಕೆ 3 ಡಿಗ್ರಿಯ ಒಳಗೆ, ಮೂರೂ ಓಡುವಾಗ 1 ಡಿಗ್ರಿಯ ಒಳಗೆ. ಒಂದೂ ಓಡದಿದ್ದರೆ? ಆಗ ಬೆರೆಸಲು ಹರಿವೇ ಇಲ್ಲ. ಬಿಸಿನೀರು ಹಗುರ, ಹಾಲಿನ ಮೇಲಿನ ಕೆನೆಯ ಹಾಗೆ ಮೇಲೆಯೇ ಹರಡಿಕೊಂಡು ಕೂರುತ್ತದೆ.

ಈ ಜಲಾಶಯದ ಗುಟ್ಟು ಇದೇ. ವಿದ್ಯುತ್ ಬೇಡಿಕೆ ಏರಿದಾಗ ಕದ್ರಾದ ಯಂತ್ರಗಳು ಓಡುತ್ತವೆ, ಬೇಡಿಕೆ ಇಳಿದಾಗ ನಿಲ್ಲುತ್ತವೆ. ಹೊಳೆ ಹರಿಯುವುದು ಗುಡ್ಡದ ಇಳಿಜಾರು ನೋಡಿ ಅಲ್ಲ, ಗಡಿಯಾರ ನೋಡಿ. ಬೆಳಗ್ಗೆ ಎಂಟಕ್ಕೆ ಅಳೆದದ್ದನ್ನೂ ಮಧ್ಯಾಹ್ನ ಎರಡಕ್ಕೆ ಅಳೆದದ್ದನ್ನೂ ಸರಾಸರಿ ಮಾಡಿದರೆ ಎರಡು ಬೇರೆಬೇರೆ ನದಿಗಳನ್ನು ಕೂಡಿಸಿ ಭಾಗಿಸಿದಂತೆ. ಕದ್ರಾದ ಗಂಟೆಗಂಟೆಯ ಉತ್ಪಾದನೆ, ಕೊಡಸಳ್ಳಿಯಿಂದ ಬಿಟ್ಟ ನೀರು, ಸ್ಥಾವರದ ಯಾವ ಘಟಕ ಎಷ್ಟು ಮೆಗಾವಾಟ್‌ನಲ್ಲಿ ಓಡಿತು ಎಂಬ ಈ ಮೂರು ಪಟ್ಟಿ ಕೈಯಲ್ಲಿಲ್ಲದೆ ತಾಪಮಾನದ ಯಾವ ನಕ್ಷೆಯನ್ನೂ ಒಪ್ಪಬಾರದು.

ಗಾಳಿಯದ್ದು ಇನ್ನೊಂದು ತಕರಾರು. ಮಧ್ಯಾಹ್ನವಾದರೆ ಪಶ್ಚಿಮದಿಂದ ಕಡಲ ಗಾಳಿ ಕಣಿವೆಗೆ ನುಗ್ಗುತ್ತದೆ. ಕಾಳಿ ಹರಿಯುವುದು ಪಶ್ಚಿಮಕ್ಕೆ, ಗಾಳಿ ತಳ್ಳುವುದು ಪೂರ್ವಕ್ಕೆ. ಅಣೆಕಟ್ಟಿನ ಯಂತ್ರಗಳೂ ನಿಂತಿದ್ದರೆ ಮೇಲ್ಪದರದ ಬೆಚ್ಚನೆಯ ನೀರು ಪ್ರವಾಹದ ಎದುರಿಗೇ ತೆವಳುತ್ತದೆ. ‘ಇದು ಸ್ಥಾವರದ ಮೇಲ್ಗಡೆ, ಇಲ್ಲಿ ಏನೂ ಆಗಿರಲಿಕ್ಕಿಲ್ಲ’ ಎಂದು ಹೋಲಿಕೆಗೆ ಆರಿಸಿಕೊಂಡ ಜಾಗವೇ ಬೆಚ್ಚಗಾಗಿಬಿಟ್ಟರೆ ಏರಿಕೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಆದ್ದರಿಂದ ಹೋಲಿಕೆಯ ಜಾಗ ಒಂದಲ್ಲ, ಎರಡು. ಹತ್ತಿರದ್ದೊಂದು, ಕೊಡಸಳ್ಳಿಯ ಕೆಳಗೆ ದೂರದಲ್ಲಿ ಇನ್ನೊಂದು. ಆ ದೂರದ್ದಕ್ಕೂ ಒಂದು ಕೊರತೆ ಇದೆ. ಕೊಡಸಳ್ಳಿ ಆಳದ ತಂಪು ನೀರು ಬಿಟ್ಟಾಗ ಅದು ಸಹಜಕ್ಕಿಂತ ತಣ್ಣಗಿರುತ್ತದೆ, ಸ್ಥಾವರದ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡನ್ನೂ ಬರೆದಿಡಿ, ಓದುವವರು ನಿರ್ಧರಿಸಲಿ.

ಲಾಗರುಗಳನ್ನು ಒಂದು ಹಗ್ಗಕ್ಕೆ 0.5, 1, 2, 3, 5, 8, 12 ಮೀಟರ್ ಆಳದಲ್ಲಿ ಕಟ್ಟಿ ತೇಲುಬುರುಡೆಯಿಂದ ಇಳಿಬಿಡುವುದು, ಹತ್ತು ನಿಮಿಷಕ್ಕೊಂದು ಓದು. ಮೇಲಿನದಕ್ಕೆ ಬಿಸಿಲು ಹೊಡೆದರೆ ಅದು ನೀರನ್ನು ಬಿಟ್ಟು ತನ್ನನ್ನೇ ಅಳೆದುಕೊಳ್ಳುತ್ತದೆ. ತೂತು ಕೊರೆದ ಬಿಳಿ ಪಿವಿಸಿ ಪೈಪಿನ ತುಂಡೊಂದನ್ನು ತೊಡಿಸಿದರೆ ಸಾಕು. ನೀರಿನ ಮಟ್ಟ ದಿನದಲ್ಲೇ ಏರಿಳಿಯುವುದರಿಂದ ಹಗ್ಗವನ್ನು ತಳದ ಕಲ್ಲಿಗೆ ಬಿಗಿಯಾಗಿ ಕಟ್ಟುವಂತಿಲ್ಲ. ಮಟ್ಟ ಇಳಿದಾಗ ಹಗ್ಗ ಸಡಿಲಾಗಿ 12 ಮೀಟರಿನ ಲಾಗರು ಕೆಸರಿನಲ್ಲಿ ಮಲಗಿರುತ್ತದೆ, ಅದರ ಓದು ಮಾತ್ರ ಚೆಂದಕ್ಕೆ ಬರುತ್ತಲೇ ಇರುತ್ತದೆ. ಲಂಗರಿನ ಹಗ್ಗ ಬೇರೆ, ಲಾಗರಿನ ಹಗ್ಗ ಬೇರೆ ಇರಲಿ. ಲಾಗರಿನ ಹಗ್ಗ ಬುರುಡೆಯಿಂದ ಸಣ್ಣ ತೂಕಕ್ಕೆ ನೇತಾಡುತ್ತಿರಲಿ. ಬುರುಡೆಯ ಮೇಲೆ ಕನ್ನಡದಲ್ಲೂ ಕೊಂಕಣಿಯಲ್ಲೂ ಇದು ಏನು, ಎಂದು ತೆಗೆಯುತ್ತಾರೆ ಎಂದು ಬರೆದು, ಊರಿನ ಮೀನುಗಾರರಿಗೆ ಹಿಂದಿನ ದಿನವೇ ತೋರಿಸಿದರೆ ಅದು ಇದ್ದಲ್ಲೇ ಇರುತ್ತದೆ. ಬರೆಯದಿದ್ದರೆ ಒಳ್ಳೆಯ ಬುರುಡೆ ಯಾರಿಗೆ ಬೇಡ?

ಆಮ್ಲಜನಕಕ್ಕೆ ಮೀಟರು ಇದ್ದರೂ ದಿನಕ್ಕೆರಡು ಸಲ ರಾಸಾಯನಿಕ ಹಾಕಿ ಅಳೆಯುವ ಹಳೆಯ ವಿಂಕ್ಲರ್ ವಿಧಾನವೇ ಗತಿ. 300 ಮಿ.ಲೀ. ಬಾಟಲಿಯನ್ನು ಗುಳ್ಳೆ ಸಿಗದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರ ಅಯೊಡೈಡ್ ಅಜೈಡ್ 2 ಮಿ.ಲೀ. ದೋಣಿಯಲ್ಲೇ ಹಾಕಬೇಕು. ಕಂದು ಗಸಿ ಇಳಿದ ಮೇಲೆ ಗಂಧಕಾಮ್ಲ 2 ಮಿ.ಲೀ. ಗಸಿ ಕಂದಾಗದೆ ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೆಂದೇ ಅರ್ಥ. ದಂಡೆಗೆ ಬಂದು ಹಾಕೋಣ ಎಂದು ಬಾಟಲಿಯನ್ನು ಬಿಸಿಲಲ್ಲಿಟ್ಟರೆ ಪಾಚಿ ಒಳಗೇ ಆಮ್ಲಜನಕ ತಯಾರಿಸುತ್ತದೆ. 25 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.3 ಮಿ.ಗ್ರಾಂ, 30ರಲ್ಲಿ 7.6, 35ರಲ್ಲಿ 7. ಇಳಿಕೆ ದೊಡ್ಡದೇನಲ್ಲ ಅನಿಸಬಹುದು. ಆದರೆ ಬೆಚ್ಚನೆಯ ನೀರಿನಲ್ಲಿ ಮೀನಿನ ಉಸಿರಿನ ಅಗತ್ಯ ಏರಿರುತ್ತದೆ, ಅತ್ತ ಆದಾಯ ಇಳಿದಿರುತ್ತದೆ.

ಕಂಡೆನ್ಸರಿನ ಕೊಳವೆಗಳಲ್ಲಿ ಪಾಚಿ, ಲೋಳೆ ಹಿಡಿಯದಂತೆ ಕ್ಲೋರಿನ್ ಹಾಕುವುದು ಎಲ್ಲ ಉಷ್ಣ ಸ್ಥಾವರಗಳಲ್ಲೂ ಇದ್ದದ್ದೇ. ಕಂಡೆನ್ಸರಿನಿಂದ ಹೊರಬೀಳುವ ನೀರಿನಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 0.5 ಮಿ.ಗ್ರಾಂ ದಾಟಬಾರದೆಂಬ ಮಿತಿ ಉಷ್ಣ ವಿದ್ಯುತ್ ಸ್ಥಾವರಗಳಿಗಿದೆ. ಅದನ್ನು ದಂಡೆಯಲ್ಲೇ ಕ್ಲೋರಿನ್ ಇದ್ದರೆ ಬಣ್ಣ ತೋರಿಸುವ ಡಿಪಿಡಿ ಪುಡಿ ಹಾಕಿ ಕೂಡಲೇ ನೋಡಬೇಕು, ಬಾಟಲಿಯಲ್ಲಿ ಒಯ್ದರೆ ದಾರಿಯಲ್ಲೇ ಹಾರಿಹೋಗುತ್ತದೆ. ಕ್ಲೋರಿನ್ ಹಾಕುವ ವೇಳೆಯೂ ಗಡಿಯಾರದ ಪಟ್ಟಿಗೆ ಸೇರಬೇಕು. ಮೀನು ಬಿಸಿಗೆ ಹೆದರಿ ದೂರ ಹೋಯಿತೋ ಕ್ಲೋರಿನ್ ವಾಸನೆಗೆ ಹೋಯಿತೋ ಎಂದು ಬೇರೆ ಯಾವ ದಾರಿಯಿಂದಲೂ ತಿಳಿಯುವುದಿಲ್ಲ.

ಮೂರನೇ ದಿನ: ಬಲೆ ಎತ್ತುವ ಹೊತ್ತು

ಬಲೆ ಬಿಟ್ಟದ್ದು ಹಿಂದಿನ ಸಂಜೆ ಆರಕ್ಕೆ, ಎತ್ತುವುದು ರಾತ್ರಿ ಹತ್ತಕ್ಕೆ. ಮತ್ತೆ ಬೆಳಗಿನ ಜಾವ ಎರಡಕ್ಕೆ ಬಿಟ್ಟು ಆರಕ್ಕೆ ಎತ್ತುವುದು. ಪುಸ್ತಕಗಳು ಹನ್ನೆರಡು ಗಂಟೆ ಬಿಡಿ ಎನ್ನುತ್ತವೆ, ಅವು ತಣ್ಣೀರಿನ ದೇಶಕ್ಕೆ ಬರೆದವು. ಇಲ್ಲಿ 30 ಡಿಗ್ರಿಯ ನೀರಿನಲ್ಲಿ ಸಂಜೆ ಸಿಕ್ಕಿದ ಮೀನು ಬೆಳಗ್ಗೆ ಹೊತ್ತಿಗೆ ಹೊಟ್ಟೆ ಒಡೆದಿರುತ್ತದೆ. ತೂಕವೂ ಸರಿಯಿಲ್ಲ, ಮೊಟ್ಟೆ ಚೀಲವೂ ಸಿಗುವುದಿಲ್ಲ.

ಒಂದೇ ಅಳತೆಯ ಕಣ್ಣಿನ ಬಲೆ ಒಂದೇ ಅಳತೆಯ ಮೀನನ್ನು ಹಿಡಿಯುತ್ತದೆ. ಹಾಗಾಗಿ 20, 30, 40, 60, 80, 100 ಮಿ.ಮೀ. ಕಣ್ಣಿನ ಆರು ತುಂಡುಗಳನ್ನು ಸಾಲಾಗಿ ಕಟ್ಟಿ, ಒಂದು ಸಾಲು ಮೇಲ್ಪದರದಲ್ಲಿ, ಇನ್ನೊಂದು ತಳದಲ್ಲಿ ಬಿಡಬೇಕು. ತುಂಡುಗಳ ಕ್ರಮ ಪ್ರತಿ ಸಲ ಬದಲಾಗಲಿ, ಇಲ್ಲವಾದರೆ ದಂಡೆಯ ಹತ್ತಿರ ಯಾವಾಗಲೂ ಸಣ್ಣ ಕಣ್ಣೇ ಬಂದು, ದಂಡೆಯಲ್ಲಿ ಸಣ್ಣ ಮೀನೇ ಹೆಚ್ಚು ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ಲೆಕ್ಕ ಬರೆಯುವುದು ನೂರು ಚದರ ಮೀಟರ್ ಬಲೆಗೆ, ಗಂಟೆಗೆ ಎಷ್ಟು ಗ್ರಾಂ ಎಂದು. ಕದ್ರಾದಲ್ಲಿ ಬಿಸಿನೀರಿನ ಹಾದಿಯಲ್ಲಿ ಒಂದು, ಅದರಿಂದಾಚೆ ಒಂದು, ಕೊಡಸಳ್ಳಿಯಲ್ಲಿ ಒಂದು ಸಾಲು. ಮೂರೂ ಕಡೆ ಅದೇ ಬಲೆ, ಚಂದ್ರನ ಬೆಳಕೂ ಹೆಚ್ಚೂಕಡಿಮೆ ಅಷ್ಟೇ ಇರಬೇಕು. ಹುಣ್ಣಿಮೆಯಲ್ಲಿ ಮೀನಿಗೆ ಬಲೆ ಕಾಣುತ್ತದೆ ಎಂಬುದು ಇಲ್ಲಿನ ಯಾವ ಮೀನುಗಾರನನ್ನು ಕೇಳಿದರೂ ಗೊತ್ತು.

ಬಲೆಯಲ್ಲಿ ಬರೀ ತಲೆಗಳು ಉಳಿದಿದ್ದರೆ ನೀರುನಾಯಿ ಬಂದು ಹೋಗಿದೆ ಎಂದರ್ಥ. ಬೇಸರ ಮಾಡಿಕೊಂಡು ಎಸೆಯಬೇಡಿ, ತಲೆಗಳನ್ನು ಎಣಿಸಿ. ಜಾತಿ ತಿಳಿಯುತ್ತದೆ, ತಲೆಯ ಉದ್ದದಿಂದ ಮೈಯ ಉದ್ದವನ್ನೂ ಅಂದಾಜು ಮಾಡಬಹುದು. ಎಣಿಸದೆ ಬಿಟ್ಟರೆ ನೀರುನಾಯಿ ಉಂಡದ್ದೆಲ್ಲ ಸ್ಥಾವರದ ಲೆಕ್ಕಕ್ಕೆ ಬೀಳುತ್ತದೆ.

ದಂಡೆಯಲ್ಲಿ ಅಳತೆಯ ಹಲಗೆ ಹಾಸಿದೆ. ಒಂದು ರೋಹು. ಮೂತಿಯನ್ನು ಹಲಗೆಯ ತುದಿಗೆ ಒತ್ತಿ, ಬಾಲದ ಎರಡು ಕವಲನ್ನೂ ಕೂಡಿಸಿ ಹಿಡಿದು ಪೂರ್ಣ ಉದ್ದ ಮಿ.ಮೀ.ನಲ್ಲಿ, ಬಾಲದ ಬುಡದವರೆಗೆ ಇನ್ನೊಂದು ಉದ್ದ. ಒದ್ದೆ ಬಟ್ಟೆಯಿಂದ ಒರೆಸಿ ತೂಕ. ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂ.ಮೀ. ಉದ್ದದ ಘನದಿಂದ ಭಾಗಿಸಿದರೆ ಮೈಕಟ್ಟಿನ ಅಂಕಿ ಬರುತ್ತದೆ. ಬಾಯಿಗೆ ಸಾಕಷ್ಟು ಸಿಗದೆ ಸೊರಗಿದ ಮೀನು ಉದ್ದವಿದ್ದರೂ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಕಿವಿರಿನ ಮುಚ್ಚಳ ಎತ್ತಿ ಬಣ್ಣ ನೋಡುವುದು. ಈಜುರೆಕ್ಕೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಗುಳ್ಳೆಗಳಿವೆಯೇ, ಕಣ್ಣು ಉಬ್ಬಿದೆಯೇ? ನೀರು ಗಕ್ಕನೆ ಬಿಸಿಯಾದಾಗ ಕರಗಿದ್ದ ಗಾಳಿಗೆ ಜಾಗ ಸಾಲದೆ ಮೀನಿನ ರಕ್ತದಲ್ಲೇ ಗುಳ್ಳೆ ಏಳಬಹುದು, ಅದರ ಗುರುತು ಇಲ್ಲಿಯೇ ಸಿಗುವುದು. ಅಣೆಕಟ್ಟಿನ ಮೇಲಿಂದ ಧುಮುಕಿದ ನೀರೂ ಇದೇ ರೋಗ ತರಬಲ್ಲದು, ಆದ್ದರಿಂದ ಗೇಟು ತೆರೆದಿತ್ತೇ ಎಂದು ಪಟ್ಟಿ ನೋಡದೆ ಬರೆಯಬೇಡಿ. ಬೆನ್ನಿನ ರೆಕ್ಕೆಯ ಕೆಳಗಿನಿಂದ ಐದಾರು ಹುರುಪೆ ಕಿತ್ತು ಕಾಗದದ ಲಕೋಟೆಗೆ, ವಯಸ್ಸು ಎಣಿಸಲು. ಕೊನೆಗೆ ಹೊಟ್ಟೆ ಸೀಳಿ ಮೊಟ್ಟೆ ಚೀಲದ ತೂಕ, ಅದು ಮೈತೂಕದ ಶೇಕಡಾ ಎಷ್ಟು ಎಂದು. ಇದೇ ಎಲ್ಲಕ್ಕಿಂತ ಸೂಕ್ಷ್ಮದ ಅಳತೆ. ಬೆಚ್ಚನೆಯ ನೀರಿನ ಮೀನು ಮಳೆಗೆ ಕಾಯದೆ ಬೇಗ ಹಣ್ಣಾಗಬಹುದು. ಮೊಟ್ಟೆ ಮೊದಲೇ ಸಿದ್ಧ, ಹೊಳೆಗೆ ಹೊಸ ನೀರು ಬರುವುದು ಜೂನಿನಲ್ಲಿ. ಸತ್ತ ಮೀನು ತೇಲಿದರೆ ಸುದ್ದಿಯಾಗುತ್ತದೆ. ಈ ಕಾಲಭೇದ ಯಾರ ಕಣ್ಣಿಗೂ ಬೀಳುವುದಿಲ್ಲ.

ಉಷ್ಣವಲಯದ ಮೀನಿಗೆ ಇನ್ನೊಂದು ಇಕ್ಕಟ್ಟಿದೆ. ಕಾರ್ಪ್ ಜಾತಿಯವು ಸಮತೋಲ ಕಳೆದುಕೊಳ್ಳುವ ತಾಪಮಾನ 40 ಡಿಗ್ರಿಯ ಆಸುಪಾಸು. ಬೇಸಿಗೆಯ ನೀರು 30ರ ಹತ್ತಿರವೇ ಇದ್ದು ಅದರ ಮೇಲೆ 7 ಸೇರಿದರೆ ಉಳಿಯುವ ಅಂತರ ಬೆರಳೆಣಿಕೆಯಷ್ಟು. ತಣ್ಣೀರಿನ ದೇಶದಲ್ಲಿ ಸ್ಥಾವರ ಹಠಾತ್ತನೆ ನಿಂತು ನೀರು ತಣ್ಣಗಾಗಿ ಮೀನು ಸಾಯುವುದು ದೊಡ್ಡ ಭಯ. ನಮ್ಮಲ್ಲಿ ಹೆದರಬೇಕಾದದ್ದು ಮೇಲಿನ ತುದಿಗೆ.

ಮಧ್ಯಾಹ್ನ ನೀರು ಸೇದುವ ಕಡೆಯ ಜಾಲರಿಯ ಲೆಕ್ಕ, ಇದು ಸ್ಥಾವರದವರ ಜೊತೆಯಲ್ಲೇ ಮಾಡುವ ಕೆಲಸ. ಸಾಮಾನ್ಯವಾಗಿ ಸುಮಾರು 1 ಸೆಂ.ಮೀ. ಕಣ್ಣಿನ ಸುತ್ತುವ ಜಾಲರಿಗಳು ಕಸವನ್ನೂ ಮೀನನ್ನೂ ಒಟ್ಟಿಗೆ ಎತ್ತುತ್ತವೆ. ಮೊದಲು ಒಮ್ಮೆ ಜಾಲರಿ ಪೂರ್ತಿ ತೊಳೆಸಿ ಆ ಕಸವನ್ನು ಬಿಟ್ಟುಬಿಡಬೇಕು, ಅಲ್ಲಿಂದ 24 ಗಂಟೆ ಎಣಿಕೆ. ತೊಳೆಸದೆ ಶುರುಮಾಡಿದರೆ ವಾರದ ಹಳೆಯ ಮೀನೆಲ್ಲ ಒಂದೇ ದಿನದ್ದಾಗುತ್ತದೆ. ಕಣ್ಣು ತಿಳಿಯಾಗಿದ್ದು ಕಿವಿರು ಕೆಂಪಾಗಿದ್ದರೆ ಜಾಲರಿಯಲ್ಲೇ ಸತ್ತದ್ದು; ಕಣ್ಣು ಮಂಜಾಗಿ ಕಿವಿರು ಬೂದಿಯಾಗಿದ್ದರೆ ಎಲ್ಲೋ ಸತ್ತು ತೇಲಿ ಬಂದದ್ದು. ಜಾಲರಿಯ ಎದುರು ನೀರಿನ ವೇಗ ಸೆಕೆಂಡಿಗೆ 0.15 ಮೀಟರ್ ಒಳಗಿದ್ದರೆ ಹೆಚ್ಚಿನ ಮೀನು ಈಜಿ ತಪ್ಪಿಸಿಕೊಳ್ಳುತ್ತವೆ ಎಂಬುದು ಅಮೆರಿಕದ ಪರಿಸರ ಸಂಸ್ಥೆ ಹಿಡಿದಿರುವ ಅಳತೆ. ಮೊಟ್ಟೆ, ಮರಿಗಳಿಗೆ ಆ ಭಾಗ್ಯವಿಲ್ಲ. ಅವು ಜಾಲರಿ ದಾಟಿ ಕಂಡೆನ್ಸರಿನೊಳಗೇ ಹೋಗುತ್ತವೆ. ಅವನ್ನು ಎಣಿಸಲು 300 ಮೈಕ್ರಾನ್ ಬಲೆಯ ಬಾಯಿಗೆ ಹರಿವಿನ ಮೀಟರು ಕಟ್ಟಿ 100 ಘನ ಮೀಟರ್ ನೀರು ಸೋಸಬೇಕು. ಪಾಚಿ ಕಟ್ಟಿ ಬಲೆ ಮುಚ್ಚಿಹೋದರೆ ನೀರು ಬಾಯಿಯಿಂದಲೇ ಹೊರಳಿ ಹೋಗುತ್ತದೆ, ಮೀಟರು ತಿರುಗುವುದು ನಿಧಾನವಾದ ಕೂಡಲೇ ಎತ್ತಿಬಿಡಿ.

ನಾಲ್ಕನೇ ದಿನ: ಜೀರುಂಡೆಗಳ ನಡುವೆ ಡೆಸಿಬೆಲ್

ಸ್ಥಾವರದ ಸುತ್ತ ಜನವಸತಿ ಇಲ್ಲದ ವಲಯವಿದೆ, ಅದರಾಚೆಗೆ ವಿರ್ಜೆ, ಹರ್ಟುಗಾದಂಥ ಸಣ್ಣ ಊರುಗಳು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗ್ಗೆ ಆರು. ಕಾಗದದ ಮೇಲೆ ಸುಲಭ. ಮೀಟರು ಹಿಡಿದು ಅಂಗಳದಲ್ಲಿ ನಿಂತರೆ ಮುಸ್ಸಂಜೆಗೇ 45 ದಾಟಿರುತ್ತದೆ, ದಾಟಿಸಿದ್ದು ಜೀರುಂಡೆ.

ಮೀಟರು ಒಂದನೇ ದರ್ಜೆಯದ್ದಿರಬೇಕು. ಶುರುಮಾಡುವ ಮೊದಲೂ ಮುಗಿದ ಮೇಲೂ 94 ಡೆಸಿಬೆಲ್‌ನ ಕ್ಯಾಲಿಬ್ರೇಟರ್ ತೊಡಿಸಿ ನೋಡುವುದು, ಎರಡರ ನಡುವೆ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ರಾತ್ರಿಯ ಅಳತೆ ಹೋಯಿತು. ಮೈಕು ನೆಲದಿಂದ 1.2 ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಮೂರೂವರೆ ಮೀಟರಾದರೂ ದೂರ. ಹೆಂಚಿನ ಮನೆಯ ಜಗಲಿಯ ಮೇಲಿಟ್ಟರೆ ಗೋಡೆಯ ಮಾರ್ದನಿ ಸೇರಿ ಎರಡು ಮೂರು ಡೆಸಿಬೆಲ್ ಪುಕ್ಕಟೆ ಬರುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ, ಮಳೆ ಹನಿದರೆ ನಿಲ್ಲಿಸುವುದು. ಪಕ್ಕದಲ್ಲಿ ಅಡಿಕೆ ತೋಟದ ಪಂಪು, ಫ್ರಿಜ್ಜು, ನಾಯಿ ಇವೆಯೇ ಎಂದು ಹಗಲೇ ನೋಡಿಕೊಂಡರೆ ಚೆನ್ನ.

ಜೀರುಂಡೆಯ ದನಿ ಕೆಲವು ಸಾವಿರ ಹರ್ಟ್ಜ್ ಮೇಲೆ. ಸ್ಥಾವರದ ದನಿ ಕೆಳಗೆ. ಟರ್ಬೈನ್ ನಿಮಿಷಕ್ಕೆ 3000 ಸುತ್ತು, ಅಂದರೆ 50 ಹರ್ಟ್ಜ್. ದೊಡ್ಡ ಟ್ರಾನ್ಸ್‌ಫಾರ್ಮರುಗಳು ಅದರ ಎರಡರಷ್ಟು, 100 ಹರ್ಟ್ಜ್‌ನಲ್ಲಿ ಗುಂಯ್‌ಗುಡುತ್ತವೆ, ಜೊತೆಗೆ 200, 300. ಒಟ್ಟು ಡೆಸಿಬೆಲ್ ಮಾತ್ರ ಬರೆದುಕೊಂಡು ಬಂದರೆ ಕೀಟ ಯಾವುದು, ಯಂತ್ರ ಯಾವುದು ಎಂದು ಬೇರೆಮಾಡಲು ಸಾಧ್ಯವೇ ಇಲ್ಲ. ಸದ್ದನ್ನು ಹರ್ಟ್ಜ್ ಪ್ರಕಾರ ಸಣ್ಣ ಸಣ್ಣ ಪಟ್ಟಿಗಳಾಗಿ (ಮೂರನೇ ಒಂದು ಆಕ್ಟೇವ್) ಬಿಡಿಸಿ ದಾಖಲಿಸಿ, 1250 ಹರ್ಟ್ಜ್‌ಗಿಂತ ಮೇಲಿನದನ್ನು ಕಳೆದು ಇನ್ನೊಮ್ಮೆ ಲೆಕ್ಕ ಹಾಕಿದರೆ ಕೀಟಗಳು ಹೊರಗೆ ಹೋಗುತ್ತವೆ. ಎರಡೂ ಅಂಕಿಗಳನ್ನು ವರದಿಯಲ್ಲಿ ಕೊಡಬೇಕು. ಕಾನೂನು ಕೇಳುವುದು ಮೊದಲನೆಯದನ್ನು, ನಿದ್ದೆಗೆಟ್ಟವರ ದೂರಿಗೆ ಉತ್ತರ ಇರುವುದು ಎರಡನೆಯದರಲ್ಲಿ.

ಇಲ್ಲಿಯೂ ಗಡಿಯಾರದ್ದೇ ರಾಜ್ಯ. ಒಂದು ಸ್ಥಾವರ ದಿನವಿಡೀ ಮಾಡುವ ಸದ್ದು ದೂರದ ಊರಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಜನರನ್ನು ಎಬ್ಬಿಸುವುದು ಬಿಡಿಬಿಡಿ ಸದ್ದುಗಳು. ತುರ್ತು ಡೀಸೆಲ್ ಜನರೇಟರುಗಳನ್ನು ಪರೀಕ್ಷೆಗೆ ಓಡಿಸುವುದು, ಘಟಕ ನಿಂತಾಗ ಹಬೆಯನ್ನು ಆಕಾಶಕ್ಕೆ ಬಿಡುವುದು, ಸೈರನ್ ಪರೀಕ್ಷೆ. ಐದು ಮತ್ತು ಆರನೇ ಘಟಕಗಳ, ತಲಾ 700 ಮೆಗಾವಾಟ್‌ನವುಗಳ, ಕೆಲಸ ಇದಕ್ಕೆ ಸೇರಿಕೊಂಡಿದೆ. ಟಿಪ್ಪರುಗಳು, ಬಂಡೆ ಒಡೆಯುವ ಯಂತ್ರ. ಟಿಪ್ಪರಿನದ್ದು ಸ್ಥಾವರದ ಬೇಲಿಯ ಹತ್ತಿರದ ಸಮಸ್ಯೆಯಲ್ಲ, ರಸ್ತೆಯುದ್ದಕ್ಕೂ ಇರುವ ಮನೆಗಳದ್ದು. ಬೇಲಿಯ ಪಕ್ಕ ಮೀಟರಿಟ್ಟು ಎಲ್ಲ ಸರಿಯಾಗಿದೆ ಎನ್ನುವ ವರದಿಗೆ ಅವರ ಮಟ್ಟಿಗೆ ಕಾಸಿನ ಬೆಲೆಯಿಲ್ಲ. ಆದ್ದರಿಂದ ಮನೆಯವರ ಹತ್ತಿರ ಒಂದು ನೋಟುಪುಸ್ತಕ ಕೊಟ್ಟು, ಎಚ್ಚರವಾದಾಗ ಗಂಟೆ ನಿಮಿಷ ಮಾತ್ರ ಬರೆಯಿರಿ ಎಂದು ಕೇಳುವುದು. ಸದ್ದು ಎಲ್ಲಿಂದ ಬಂತು ಎಂದು ಬರೆಯುವುದು ಬೇಡ. ಅದನ್ನು ಮೀಟರೂ ಸ್ಥಾವರದ ದಿನಚರಿಯೂ ಹೇಳುತ್ತವೆ.

ನಸುಕಿನಲ್ಲಿ ಹಿನ್ನೀರಿನ ಮೇಲೆ ಮಂಜು ಕವಿದಾಗ ಒಂದು ವಿಚಿತ್ರ. ಕೆಳಗಿನ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗೇ ಇಳಿಯುತ್ತದೆ. ನೀರಿನ ಮೇಲ್ಮೈ ಅದನ್ನು ಹೀರುವುದೂ ಇಲ್ಲ. ಸಾಮಾನ್ಯವಾಗಿ ದೂರ ಎರಡರಷ್ಟಾದಾಗ 6 ಡೆಸಿಬೆಲ್ ಇಳಿಯಬೇಕಾದ ಸದ್ದು ಆಗ ಅಷ್ಟು ಇಳಿಯುವುದಿಲ್ಲ, ಆಚೆ ದಡದ ಮಾತೂ ಕೇಳುತ್ತದೆ. ‘ಕೆಲವು ದಿನ ಬೆಳಗ್ಗೆ ಮಾತ್ರ ಜೋರು’ ಎಂದು ಊರವರು ಹೇಳಿದರೆ ತಳ್ಳಿಹಾಕಬೇಡಿ.

ಹಿನ್ನೆಲೆ ಕಳೆಯುವ ಲೆಕ್ಕ ನೇರ ಕಳೆಯುವುದಲ್ಲ. ಯಂತ್ರ ಓಡುವಾಗ 50, ನಿಂತಾಗ 46 ಬಂದರೆ ಯಂತ್ರದ್ದು 4 ಅಲ್ಲ, 47.8. ಎರಡರ ಅಂತರ 3ಕ್ಕಿಂತ ಕಡಿಮೆಯಿದ್ದರೆ ಕಳೆಯುವುದನ್ನೇ ಬಿಟ್ಟು ‘ಹಿನ್ನೆಲೆಯಲ್ಲಿ ಮುಳುಗಿದೆ’ ಎಂದು ಬರೆಯುವುದು ಪ್ರಾಮಾಣಿಕ.

ಐದನೇ ದಿನ: ಇಳಿಯುವ ದಾರಿ

ಬೆಳಗ್ಗೆ ಲಾಗರು ಎತ್ತಿ, ಮೀನಿನ ಮಾದರಿ ಕಟ್ಟಿ ಹೊರಡುವುದು. ವಿಕಿರಣದ ಪರೀಕ್ಷೆಗೆ ಬೇರೆಯೇ ಕಟ್ಟು. ಇಲ್ಲಿ ಸ್ಥಾವರ ಶುರುವಾಗುವ ಮೊದಲಿನಿಂದಲೂ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ನೀರು, ಮೀನು, ಹಾಲು, ಅಕ್ಕಿ ಅಳೆಯುತ್ತ ಬಂದಿದೆ. ಹೊರಗಿನವರು ಮಾಡುವುದಾದರೆ ಗಮನಿಸಬೇಕಾದ್ದು ಇಷ್ಟು. ಮೀನು 5 ಕೆ.ಜಿ.ಯಾದರೂ ಬೇಕು. ಕರುಳು ತೆಗೆದು ತಿನ್ನುವ ಭಾಗ ಮಾತ್ರ, ಯಾಕೆಂದರೆ ಕರುಳಿನಲ್ಲಿರುವ ಕೆಸರು ಹಳೆಯ ಅಣುಬಾಂಬು ಪರೀಕ್ಷೆಗಳ ವಿಕಿರಣಶೀಲ ಸೀಸಿಯಂ ಹೊತ್ತಿರಬಹುದು, ಸಹಜವಾಗಿ ಇರುವ ಪೊಲೋನಿಯಂ ಕೂಡ ಅಲ್ಲೇ ಹೆಚ್ಚು. 110 ಡಿಗ್ರಿಯಲ್ಲಿ ಒಣಗಿಸಿ ಕುಲುಮೆಯಲ್ಲಿ ಬೂದಿ ಮಾಡುವಾಗ 450 ಡಿಗ್ರಿ ದಾಟಿಸಿದರೆ ಸೀಸಿಯಂ ಹೊಗೆಯಾಗಿ ಹೋಗಿ, ಮೀನು ‘ಶುದ್ಧ’ವಾಗಿಬಿಡುತ್ತದೆ. ಗಾಮಾ ಎಣಿಕೆಯಲ್ಲಿ 1460 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಪೊಟ್ಯಾಸಿಯಂ-40ರ ಗೆರೆ ಬಂದೇ ಬರಬೇಕು, ಅದು ಎಲ್ಲ ಜೀವಿಗಳಲ್ಲೂ ಇದೆ. ಬಾರದಿದ್ದರೆ ಮೀನು ಸರಿಯಿದೆ ಎಂದಲ್ಲ, ಉಪಕರಣ ಕೆಟ್ಟಿದೆ ಎಂದರ್ಥ. ಸೀಸಿಯಂ-137 ಹುಡುಕುವುದು 662ರಲ್ಲಿ.

ಭಾರಜಲ ರಿಯಾಕ್ಟರಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಟ್ರೀಷಿಯಂ, ಅಂದರೆ ವಿಕಿರಣಶೀಲ ಜಲಜನಕ. ಅದು ನೀರೇ ಆಗಿ ನೀರಿನ ಜೊತೆ ಹೋಗುತ್ತದೆ, ಸೋಸಿದರೆ ಸಿಗುವುದಿಲ್ಲ. ಬಾಟಲಿ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ, ಹೋಲಿಕೆಯ ನೀರಿನ ಬಾಟಲಿಯನ್ನು ಬೇರೆ ಪೆಟ್ಟಿಗೆಯಲ್ಲಿಡಬೇಕು. ಪ್ರಯೋಗಾಲಯದಲ್ಲಿ ಬಟ್ಟಿ ಇಳಿಸಿ ವಿಕಿರಣ ಎಬ್ಬಿಸುವ ಮಿಂಚುಗಳನ್ನು ಎಣಿಸುವ ದ್ರವ ಸಿಂಟಿಲೇಷನ್ ಯಂತ್ರದಲ್ಲಿ ಎಣಿಸುತ್ತಾರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10,000 ಬೆಕರೆಲ್ (ವಿಕಿರಣಶೀಲತೆಯ ಅಳತೆ). ಟ್ರೀಷಿಯಂ ಯಾವ ದಿನ ಎಷ್ಟು ಬಿಟ್ಟರು ಎಂಬುದೂ ಗಂಟೆ ಸಮೇತ ಬೇಕು. ಕದ್ರಾದ ಯಂತ್ರಗಳು ನಿಂತಿದ್ದ ಹೊತ್ತಿಗೂ ಮೂರೂ ಓಡಿದ ಹೊತ್ತಿಗೂ ಅದೇ ಬಿಡುಗಡೆ ಎರಡು ಬೇರೆ ಅಂಕಿ ಕೊಡುತ್ತದೆ.

ಮಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪೆಟ್ಟಿಗೆಗಳ ಐಸು ಬದಲಿಸುವುದು, ಕರಗಿದ ನೀರು ಹುರುಪೆಯ ಲಕೋಟೆಗೆ ತಾಗದಂತೆ ನೋಡುವುದು. ಕಾರವಾರ ತಲುಪಿದ ಮೇಲೆ ಊಟಕ್ಕಿಂತ ಮೊದಲು ಮೊದಲ ದಿನದ ಬಕೆಟ್ಟು ಮತ್ತೆ ಹೊರಗೆ ಬರುತ್ತದೆ. ಪುಡಿ ಐಸು, ನೀರು, ಅರ್ಧ ಗಂಟೆ. ಪ್ರತಿ ಲಾಗರಿನ ಈಗಿನ ಓದನ್ನು ಹೋಗುವಾಗಿನ ಓದಿನ ಪಕ್ಕ, ಅದರ ಗಡಿಯಾರ ಎಷ್ಟು ಸೆಕೆಂಡು ಮುಂದೋ ಹಿಂದೋ ಎಂಬುದನ್ನು ಮೂರನೇ ಕಂಬದಲ್ಲಿ ಬರೆದು, ಕೆಳಗೆ ಇಬ್ಬರ ಸಹಿ.